ಆಶಾ ಕಾರ್ಯಕರ್ತೆಗೆ ಶಾಲು ಬೇಡ, ಸಂಬಳ ಬೇಕು



ಈ ಬಾರಿಯ ಯುಗಾದಿ ಸಂಭ್ರಮದ ಕರಡು ಕಾರ್ಯಕ್ರಮಪಟ್ಟಿ ತಮ್ಮೆಲ್ಲರ ಕೈಸೇರಿದೆ. ಹೋಳಿಗೆ ಊಟಕ್ಕೂ ಮಕ್ಕಳ ನೃತ್ಯಕ್ಕೂ ನಡುವೆ, ಮಾರ್ಚ್ 24ರ ವಿಶ್ವ ಕ್ಷಯರೋಗ ದಿನದ ಅಂಗವಾಗಿ, ತಾಯ್ನಾಡಿನ ಹತ್ತು ಮಂದಿ ಆಶಾ ಕಾರ್ಯಕರ್ತೆಯರಿಗೆ ಅಂತರಜಾಲದ ಮೂಲಕ ಸನ್ಮಾನ ಎಂಬ ಸಾಲೊಂದು ಅದರಲ್ಲಿದೆ. ಅವರವರ ಊರಿನಲ್ಲಿ ನಮ್ಮ ಪರವಾಗಿ ಶಾಲು, ಫಲಪುಷ್ಪ, ಫಲಕ. ಇಲ್ಲಿ ಸಭಾಂಗಣದ ಪರದೆಯ ಮೇಲೆ ಅವರ ಮುಖ. ಕೆಳಗೆ ‘ನಿಸ್ವಾರ್ಥ ಸ್ವಯಂಸೇವಕಿಯರು’ ಎಂಬ ಶೀರ್ಷಿಕೆ. ಇದನ್ನು ಯೋಚಿಸಿದವರ ಮನಸ್ಸು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೂ ಸಂಘದ ಆರೋಗ್ಯ ಸಮಿತಿಯಲ್ಲಿ ಬಿಡುವಿನ ವೇಳೆ ದುಡಿಯುವ ವೈದ್ಯರಾದ ನಾವು ಈ ಸನ್ಮಾನವನ್ನು ವಿರೋಧಿಸುತ್ತೇವೆ. ಏಕೆಂದು ವಿವರಿಸುವುದು ನಮ್ಮ ಕರ್ತವ್ಯ.

ನಮ್ಮ ತಕರಾರು ಮೊದಲಿಗೆ ಆ ಶೀರ್ಷಿಕೆಯ ಮೇಲೆಯೇ. ಸ್ವಯಂಸೇವಕರು ನಾವು. ಶನಿವಾರ ಕುರ್ಚಿ ಜೋಡಿಸುವವರು, ಭಾನುವಾರ ಕನ್ನಡ ಶಾಲೆಯಲ್ಲಿ ಕಾಗುಣಿತ ಹೇಳಿಕೊಡುವವರು, ಈ ವಾರ್ತಾಪತ್ರಕ್ಕೆ ರಾತ್ರಿ ಕುಳಿತು ಅಕ್ಷರ ಜೋಡಿಸುವವರು. ನಮಗೆ ಸಂಬಳ ಬೇರೆಡೆಯಿಂದ ಬರುತ್ತದೆ. ಮನೆಯ ಸಾಲದ ಕಂತು ಅದರಿಂದ ತೀರುತ್ತದೆ. ಉಳಿದ ಹೊತ್ತನ್ನು ಸಂತೋಷದಿಂದ ಕೊಡುತ್ತೇವೆ, ಬೇಸರವಾದರೆ ಮುಂದಿನ ವರ್ಷ ಸಮಿತಿಯಿಂದ ಹೊರಗುಳಿಯುತ್ತೇವೆ. ಹಳ್ಳಿಯ ಆಶಾ ಕಾರ್ಯಕರ್ತೆಗೆ ಇದೇ ಪದವನ್ನು ಅಂಟಿಸಿದ್ದು 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವನ್ನು ಆರಂಭಿಸಿದ ಸರ್ಕಾರ. ಸಾವಿರ ಜನಸಂಖ್ಯೆಗೆ ಒಬ್ಬರಂತೆ ಊರಿನ ಹೆಣ್ಣುಮಗಳೊಬ್ಬಳನ್ನು ಆರಿಸಿ, ತರಬೇತಿ ಕೊಟ್ಟು, ನೌಕರಳೆಂದು ಕರೆಯದೆ ಸ್ವಯಂಸೇವಕಿ ಎಂದು ಕರೆದರು. ಆ ಹೆಸರಿಟ್ಟ ಕಾರಣ ಲೆಕ್ಕಪತ್ರ. ಆ ಒಂದು ಪದ ಇರುವವರೆಗೆ ವೇತನಶ್ರೇಣಿಯಿಲ್ಲ, ಭವಿಷ್ಯನಿಧಿಯಿಲ್ಲ, ಹೆರಿಗೆ ರಜೆಯಿಲ್ಲ. ಗೌರವಧನವುಂಟು, ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಎಂಬ ಪ್ರೋತ್ಸಾಹಧನವುಂಟು. ಆರು ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ ಕುಳಿತು ನಾವು ಅದೇ ಪದವನ್ನು ಚಿನ್ನದ ಬಣ್ಣದಲ್ಲಿ ಮುದ್ರಿಸಿ ಆಕೆಗೆ ತಿರುಗಿಸಿ ಕೊಡಬೇಕೆ?

ಕ್ಷಯದ ಚಿಕಿತ್ಸೆ ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಈ ಪ್ರಶ್ನೆಯ ತೀವ್ರತೆ ತಿಳಿಯುತ್ತದೆ. ಕಾಯಿಲೆ ಗುಣವಾಗುವಂಥದ್ದು, ಮಾತ್ರೆ ಉಚಿತ. ಸಾಮಾನ್ಯ ಔಷಧಿಗೆ ಬಗ್ಗುವ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಿಗಳು ಸೇರಿದ ಮಾತ್ರೆ, ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ತೂಕಕ್ಕೆ ತಕ್ಕಂತೆ ದಿನಕ್ಕೆ ಎರಡರಿಂದ ಆರು ಮಾತ್ರೆಗಳು. ವೈದ್ಯರ ಪಾಲಿನ ಕೆಲಸ ಚೀಟಿ ಬರೆಯುವ ಹತ್ತು ನಿಮಿಷದಲ್ಲಿ ಬಹುಮಟ್ಟಿಗೆ ಮುಗಿಯುತ್ತದೆ. ಉಳಿದ ನೂರೆಂಬತ್ತು ದಿನ ಯಾರ ಪಾಲು?

ಹಿಂದಿನ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮಲ್ಲಿಬ್ಬರು ತುಮಕೂರು ಜಿಲ್ಲೆಯ ಹೋಬಳಿಯೊಂದರಲ್ಲಿ ಆಶಾ ಕಾರ್ಯಕರ್ತೆಯೊಬ್ಬರ ಹಿಂದೆ ಒಂದು ದಿನ ನಡೆದೆವು. ತೆಂಗಿನಕಾಯಿ ಸುಲಿಯುವ ಕೂಲಿಯೊಬ್ಬರ ಮನೆ. ವಯಸ್ಸು ಅರವತ್ತರ ಆಸುಪಾಸು. ಚಿಕಿತ್ಸೆ ಆರಂಭವಾಗಿ ಎರಡನೆಯ ವಾರ. “ಮಾವ, ಮಾತ್ರೆ ತಗಂಡ್ರಾ?” ಎಂದು ಆಕೆ ಕೇಳಿದರು. “ತಗಂಡೆ ಕಣವ್ವ” ಎಂದರು ಅವರು. ಆಕೆ ಮಾತನ್ನು ನಂಬಲೂ ಇಲ್ಲ, ಗದರಲೂ ಇಲ್ಲ. ಗೋಡೆಯ ಗೂಡಿನಿಂದ ಮಾತ್ರೆಯ ಹಾಳೆ ತೆಗೆದು ಎಣಿಸಿದರು. ಮೂರು ದಿನದ ಮಾತ್ರೆ ಹಾಗೆಯೇ ಇತ್ತು. ಆಮೇಲೆ ಸಂಗತಿ ಮೆಲ್ಲಗೆ ಹೊರಬಂತು: “ಉಚ್ಚೆ ಕೆಂಪಗೆ ಬತ್ತದೆ ಕಣವ್ವ, ರಕ್ತವೇನೋ ಅಂತ ಹೆದ್ರಿ ಬಿಟ್ಬುಟ್ಟೆ.” ರಿಫಾಂಪಿಸಿನ್ ಮೂತ್ರಕ್ಕೆ ಕಿತ್ತಳೆಗೆಂಪು ಬಣ್ಣ ಕೊಡುತ್ತದೆ, ಅದರಿಂದ ಅಪಾಯವಿಲ್ಲ ಎಂಬುದು ನಮಗೆ ಎಂಬಿಬಿಎಸ್‌ನ ಎರಡನೆಯ ಹಂತದಲ್ಲೇ ಬಾಯಿಪಾಠವಾಗಿತ್ತು. “ಅದು ಮಾತ್ರೆ ಬಣ್ಣ ಮಾವ. ಆಸ್ಪತ್ರೇಲಿ ಡಾಕ್ಟ್ರು ಹೇಳ್ಲಿಲ್ವಾ?” “ಹೇಳಿರಬೇಕು. ಅಲ್ಲಿ ಜನ ಜಾಸ್ತಿ ಇದ್ರು.”

ಆಕೆ ನೀರು ತರಿಸಿ, ಎದುರಿಗೇ ಅಂದಿನ ಮಾತ್ರೆ ನುಂಗಿಸಿ, ಕಣ್ಣು ಹಳದಿಯಾಗಿದೆಯೇ ಎಂದು ನೋಡಿ, ವಾಂತಿಯ ವಿಚಾರ ಕೇಳಿ, ಸೊಸೆಯನ್ನು ಒಳಗೆ ಕರೆದು ಸಂಜೆಯ ಕುಡಿತದ ವಿಚಾರ ಬೇರೆಯಾಗಿ ಕೇಳಿದರು. ಮನೆಯಲ್ಲಿ ಮೂರು ವರ್ಷದ ಮೊಮ್ಮಗುವಿತ್ತು. ಅದಕ್ಕೆ ರೋಗ ತಗುಲಿಲ್ಲವೆಂದು ಖಚಿತಪಡಿಸಿಕೊಂಡು ಮುನ್ನೆಚ್ಚರಿಕೆಯ ಔಷಧಿ ಆರಂಭಿಸಬೇಕು, ಅದಕ್ಕಾಗಿ ತಾಲ್ಲೂಕು ಆಸ್ಪತ್ರೆಗೆ ಬುಧವಾರ ಬರಬೇಕೆಂದು ಒಪ್ಪಿಸಿದರು. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣ ಬಂದಿರಲಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲವಂತೆ. ಅದರ ಕಾಗದವನ್ನೂ ಚೀಲಕ್ಕೆ ಹಾಕಿಕೊಂಡರು. ಹೊರಡುವಾಗ ಪಕ್ಕದ ಮನೆಯಾಕೆ ಇಣುಕಿದಾಗ, ಮಕ್ಕಳ ಲಸಿಕೆಯ ಪುಸ್ತಕವನ್ನು ಕೈಯಲ್ಲಿ ಎತ್ತಿ ಹಿಡಿದೇ ನಡೆದರು. ಮಗಳ ಮದುವೆ ಮಾತುಕತೆ ನಡೆದಿರುವ ಮನೆ ಅದು, ಟಿ.ಬಿ. ಎಂಬ ಮಾತು ಬೀದಿಗೆ ಬಿದ್ದರೆ ಸಂಬಂಧ ಮುರಿಯುತ್ತದೆ. ಇಪ್ಪತ್ತೈದು ನಿಮಿಷದ ಭೇಟಿ. ಔಷಧಶಾಸ್ತ್ರ, ಮಕ್ಕಳ ವೈದ್ಯ, ಬ್ಯಾಂಕು, ಮನೆತನದ ಮಾನ, ಎಲ್ಲವೂ ಅದರಲ್ಲಿ ಇದ್ದವು. ಆ ದಿನ ಇನ್ನೂ ಹನ್ನೊಂದು ಮನೆಗಳಿದ್ದವು. ಅವುಗಳಲ್ಲಿ ಗರ್ಭಿಣಿಯರು, ಬಾಣಂತಿಯರು, ಒಂದು ಡೆಂಗಿ ಸಮೀಕ್ಷೆ.

ಇಂಥ ಆರು ತಿಂಗಳ ಒಡನಾಟಕ್ಕೆ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಹಲವು ವರ್ಷಗಳಿಂದ ನಿಗದಿಪಡಿಸಿರುವ ಪ್ರೋತ್ಸಾಹಧನ ಸಾವಿರ ರೂಪಾಯಿ. ತಿಂಗಳಿಗಲ್ಲ, ಇಡೀ ಚಿಕಿತ್ಸೆಗೆ, ಅದೂ ಚಿಕಿತ್ಸೆ ಪೂರ್ಣಗೊಂಡ ಮೇಲೆ. ಔಷಧಿಗೆ ಬಗ್ಗದ ಕ್ಷಯವಾದರೆ ಐದು ಸಾವಿರ. ಭಾಗಿಸಿ ನೋಡಿದರೆ ದಿನಕ್ಕೆ ಐದೂವರೆ ರೂಪಾಯಿ. ರೋಗಿ ಐದನೆಯ ತಿಂಗಳಲ್ಲಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರೆ, ಅಷ್ಟು ದಿನ ಹಿಂಬಾಲಿಸಿದ್ದರ ಲೆಕ್ಕ ಯಾರಲ್ಲಿ ಕೇಳಬೇಕು?

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ನೀಡಿತು. ಆಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಕೈಮುಗಿಯುವ ಚಿತ್ರಗಳ ಮಳೆಯೇ ಸುರಿಯಿತು. 2025ರ ಜನವರಿಯಲ್ಲಿ ಅದೇ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ, ಚಳಿಯಲ್ಲಿ, ಹಗಲೂ ರಾತ್ರಿ ಕುಳಿತರು. ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ನಿಶ್ಚಿತ ಗೌರವಧನ ಬೇಕು, ಪೋರ್ಟಲ್‌ನಲ್ಲಿ ದಾಖಲಾಗಲಿಲ್ಲವೆಂಬ ಕಾರಣಕ್ಕೆ ಮಾಡಿದ ಕೆಲಸದ ಹಣ ತಪ್ಪಬಾರದು ಎಂಬುದು ಅವರ ಬೇಡಿಕೆ. ಹತ್ತು ಸಾವಿರಕ್ಕೆ ಕಡಿಮೆಯಾಗದಂತೆ ಕೊಡುತ್ತೇವೆಂದು ಸರ್ಕಾರ ಮಾತು ಕೊಟ್ಟಿತು. ಮಾತು ನಡೆಯಲಿಲ್ಲವೆಂದು ಅದೇ ವರ್ಷದ ಆಗಸ್ಟ್‌ನಲ್ಲಿ ಮತ್ತೆ ಧರಣಿ ಕುಳಿತರು. ನಮ್ಮ ಗುಂಪುಗಳಲ್ಲಿ ಆ ಎರಡು ಸಲವೂ ಒಂದು ಚಿತ್ರವೂ ಬರಲಿಲ್ಲ. ಪ್ರಶಸ್ತಿಯ ದಿನ ಕೈಮುಗಿದವರು ಧರಣಿಯ ದಿನ ಎಲ್ಲಿದ್ದೆವು ಎಂಬುದನ್ನು ಸದಸ್ಯರು ಒಮ್ಮೆ ಯೋಚಿಸಬೇಕು.

ಎರಡು ಆಕ್ಷೇಪಗಳು ಈಗಾಗಲೇ ನಮ್ಮ ಕಿವಿಗೆ ಬಿದ್ದಿವೆ. ಆಶಾ ಪೂರ್ಣಾವಧಿ ಕೆಲಸವಲ್ಲ, ದಿನಕ್ಕೆ ಎರಡು ಮೂರು ಗಂಟೆ ಅಷ್ಟೇ ಎಂಬುದು ಮೊದಲನೆಯದು. ಮೂಲ ಮಾರ್ಗಸೂಚಿಯಲ್ಲಿ ಹಾಗಿತ್ತು, ನಿಜ. ಆದರೆ ಆಗಿನಿಂದ ಈಚೆಗೆ ಎಷ್ಟು ಸಮೀಕ್ಷೆ, ಎಷ್ಟು ಅಭಿಯಾನ, ಎಷ್ಟು ಆಪ್ ಆಕೆಯ ಚೀಲಕ್ಕೆ ಸೇರಿವೆ ಎಂಬುದನ್ನು ನೋಡಿದವರು ಆ ಎರಡು ಗಂಟೆಯ ಮಾತನ್ನು ಆಡಲಾರರು. ಸಂಬಳ ಕೊಟ್ಟರೆ ಸೇವಾಭಾವ ಕೆಡುತ್ತದೆ ಎಂಬುದು ಎರಡನೆಯದು. ಹಾಗಿದ್ದರೆ ನಾವು ವೈದ್ಯರು ಎಂದೋ ಕೆಟ್ಟುಹೋಗಿರಬೇಕು. ಕೈತುಂಬ ಸಂಬಳ ಪಡೆಯುವವರು ಬಡವಳ ಸೇವಾಭಾವದ ಶುದ್ಧಿಯನ್ನು ಕಾಯಲು ಹೊರಡುವುದು ನಮಗಂತೂ ಅಸಹ್ಯವೆನಿಸುತ್ತದೆ.

ಇದಕ್ಕಿಂತ ಆಳವಾಗಿ ಬೇರುಬಿಟ್ಟ ಅಭಿಪ್ರಾಯ ಇನ್ನೊಂದಿದೆ. ‘ನಮ್ಮ ಜನಕ್ಕೆ ತಿಳಿವಳಿಕೆಯಿಲ್ಲ, ಅರ್ಧಕ್ಕೇ ಔಷಧಿ ಬಿಡುತ್ತಾರೆ, ಜಾಗೃತಿ ಮೂಡಿಸಬೇಕು’ ಎನ್ನುವುದು. ನಾವು ಓದುವಾಗಲೂ ಹೀಗೆ ಬಿಟ್ಟವರಿಗೆ ‘ಡಿಫಾಲ್ಟರ್’ ಎಂಬ ಹೆಸರಿತ್ತು, ಬ್ಯಾಂಕಿನ ಸಾಲ ತೀರಿಸದವರಿಗೆ ಇರುವ ಹೆಸರೇ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆ ಪದವನ್ನು ಕೈಬಿಟ್ಟಿತು. ನಮ್ಮ ನಾಲಿಗೆಗಳು ಇನ್ನೂ ಬಿಟ್ಟಿಲ್ಲ. ರೋಗಿಗೆ ತಿಳಿವಳಿಕೆಯಿಲ್ಲ ಎಂಬ ಮಾತು ಸುಳ್ಳೆಂದು ತೋರಿಸಿಕೊಟ್ಟದ್ದು ನಮ್ಮದೇ ನಾಡಿನ ಅಧ್ಯಯನ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕಿ ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಸಂಗತಿ ಇದು: ಸುಮಾರು ಅರ್ಧದಷ್ಟು ರೋಗಿಗಳು ಕೆಮ್ಮು ಜ್ವರವೆಂದು ಆಗಲೇ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ಆಸ್ಪತ್ರೆಗಳು ಅವರನ್ನು ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಸಾಗಹಾಕಿದ್ದವು. ಅಂದರೆ ರೋಗಿ ಬಂದಿದ್ದ, ನಾವು ನೋಡಿರಲಿಲ್ಲ. ಅರವತ್ತು ವರ್ಷ ಕಳೆದರೂ ಜಾಗೃತಿ ಶಿಬಿರದ ಬ್ಯಾನರ್ ಮಾತ್ರ ರೋಗಿಯ ಕಡೆಗೇ ಮುಖಮಾಡಿ ನಿಂತಿದೆ.

ಮದರಾಸಿನ ಕಥೆಯೂ ಇದಕ್ಕೆ ಸೇರಿದ್ದು. ಮೊದಲು ಕ್ಷಯವೆಂದರೆ ಸ್ಯಾನಿಟೋರಿಯಂ. ಮೈಸೂರಿನಲ್ಲಿ 1921ರಲ್ಲಿ ಆರಂಭವಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಆಸ್ಪತ್ರೆಯನ್ನು ಹಿರಿಯ ಸದಸ್ಯರು ಬಲ್ಲರು. 1956ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಕ್ಷಯ ಚಿಕಿತ್ಸಾ ಕೇಂದ್ರವು, ಇಕ್ಕಟ್ಟಾದ ಬಡ ಮನೆಗಳಲ್ಲೇ ಉಳಿದು ಔಷಧಿ ನುಂಗಿದವರೂ ಸ್ಯಾನಿಟೋರಿಯಂನಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು 1959ರಲ್ಲಿ ಜಗತ್ತಿಗೆ ತೋರಿಸಿತು. ಎಲ್ಲರೂ ಹೊಗಳುವ ಈ ಪ್ರಯೋಗದಲ್ಲಿ ಯಾರೂ ಎತ್ತಿ ಹೇಳದ ಭಾಗವೊಂದಿದೆ. ಆ ಮನೆಗಳಿಗೆ ಆರೋಗ್ಯ ಸಂದರ್ಶಕರು ಹೋಗುತ್ತಿದ್ದರು. ಮುನ್ಸೂಚನೆಯಿಲ್ಲದೆ ಹೋಗಿ ಮಾತ್ರೆ ಎಣಿಸುತ್ತಿದ್ದರು. ಸ್ಯಾನಿಟೋರಿಯಂ ಬೇಡವೆಂಬ ತೀರ್ಮಾನವನ್ನು ಸರ್ಕಾರಗಳು ಸಂತೋಷದಿಂದ ಒಪ್ಪಿದವು, ಹಾಸಿಗೆಯ ಖರ್ಚು ಉಳಿಯಿತು. ಮನೆಗೆ ಹೋಗುವವರ ಕಾಲಿಗೆ ಬೆಲೆ ಕಟ್ಟುವ ಭಾಗವನ್ನು ಮಾತ್ರ ಮರೆತವು.

ಅನ್ನದ ಮಾತು. ಜಾರ್ಖಂಡ್‌ನಲ್ಲಿ ನಡೆದ ‘ರೇಷನ್ಸ್’ ಎಂಬ ಅಧ್ಯಯನದ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅದನ್ನು ಮುನ್ನಡೆಸಿದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನವರು. ಹತ್ತು ಸಾವಿರಕ್ಕೂ ಹೆಚ್ಚು ಮನೆಮಂದಿಯನ್ನು ಒಳಗೊಂಡ ಆ ಅಧ್ಯಯನದಲ್ಲಿ, ರೋಗಿಯ ಜೊತೆಗೆ ಮನೆಯವರಿಗೂ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇಕಡ 39ರಷ್ಟು ಕಡಿಮೆಯಾಯಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಗಣನೀಯವಾಗಿ ಕಡಿಮೆಯಿತ್ತು. ಸರ್ಕಾರ 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಒಳ್ಳೆಯದೇ. ಆದರೆ ತೂಕ ನೋಡುವವರು ಯಾರು, ಬೇಳೆ ಮನೆ ತಲುಪಿತೇ ಎಂದು ಕೇಳುವವರು ಯಾರು, ಹಣ ಬರದಿದ್ದರೆ ಬ್ಯಾಂಕಿನ ಮುಂದೆ ನಿಲ್ಲುವವರು ಯಾರು ಎಂದು ಹುಡುಕಿದರೆ ಮತ್ತೆ ಸಿಗುವುದು ಅದೇ ಗುಲಾಬಿ ಸೀರೆ.

ಆಹಾರದ ಬುಟ್ಟಿ ದಾನ ಮಾಡುವ ಯೋಜನೆ 2022ರ ಸೆಪ್ಟೆಂಬರ್‌ನಿಂದ ‘ನಿಕ್ಷಯ್ ಮಿತ್ರ’ ಎಂಬ ಹೆಸರಿನಲ್ಲಿದೆ. ಸಂಘವು ಅದಕ್ಕೆ ಸೇರಬೇಕೆಂಬ ಸಲಹೆ ಬಂದಿದೆ, ನಮ್ಮ ಬೆಂಬಲವೂ ಇದೆ. ಒಂದು ಷರತ್ತು: ಬುಟ್ಟಿ ಹಸ್ತಾಂತರದ ಛಾಯಾಚಿತ್ರ ಕೇಳಕೂಡದು. ಲಸಿಕೆ ಪುಸ್ತಕವನ್ನು ಅಡ್ಡ ಹಿಡಿದು ಆಕೆ ಕಾಪಾಡಿದ ಮನೆಯ ಗುಟ್ಟನ್ನು ನಮ್ಮ ವಾರ್ಷಿಕ ವರದಿಯ ಮುಖಪುಟಕ್ಕಾಗಿ ಹೊರಹಾಕುವ ಹಕ್ಕು ಯಾವ ದಾನಿಗೂ ಇಲ್ಲ. ಇನ್ನು ಆಪ್. ನಮ್ಮ ಸಂಘದಲ್ಲಿ ಐ.ಟಿ. ಬಂಧುಗಳ ಸಂಖ್ಯೆ ದೊಡ್ಡದು, ಆದುದರಿಂದ ಯಾವ ಸಂಕಟ ಹೇಳಿದರೂ ಒಂದು ಆಪ್ ಸಿದ್ಧವಾಗುತ್ತದೆ! ಮಾತ್ರೆ ಹಾಳೆಯ ಹಿಂದೆ ಅಡಗಿಸಿದ ಸಂಖ್ಯೆಗೆ ಕರೆ ಮಾಡಿಸುವ ವ್ಯವಸ್ಥೆಯನ್ನು ಭಾರತ ಆಗಲೇ ಮಾಡಿ ನೋಡಿದೆ. ಫೋನು ಕರೆ ಬಂತೆಂದು ತಿಳಿಸುತ್ತದೆ. ಕೆಂಪು ಮೂತ್ರಕ್ಕೆ ಹೆದರಿದ ಮುದುಕನ ಬಾಯಿ ಬಿಡಿಸುವುದು ಅದರಿಂದಾಗದು.

ನಾವಿರುವ ಈ ದೇಶದಲ್ಲಿ ಏನು ನಡೆಯುತ್ತದೆ? ಆರು ತಿಂಗಳಿಗೂ ಹೆಚ್ಚಿನ ವೀಸಾಕ್ಕಾಗಿ ಎದೆಯ ಎಕ್ಸ್‌ರೇ ತೆಗೆಸಿ ಪ್ರಮಾಣಪತ್ರ ಹಿಡಿದು ಬಂದ ನೆನಪು ಹಲವು ಕುಟುಂಬಗಳಿಗಿದೆ. ಇಂಗ್ಲೆಂಡಿನ ಕ್ಷಯರೋಗಿಗಳಲ್ಲಿ ಐವರಲ್ಲಿ ಸುಮಾರು ನಾಲ್ವರು ಈ ದೇಶದ ಹೊರಗೆ ಹುಟ್ಟಿದವರು. ಅವರಲ್ಲಿ ಭಾರತದಲ್ಲಿ ಹುಟ್ಟಿದವರದೇ ದೊಡ್ಡ ಸಂಖ್ಯೆ. ಎಂದೋ ಸೇರಿದ ರೋಗಾಣು ವರ್ಷಗಟ್ಟಲೆ ಸುಮ್ಮನಿದ್ದು, ವೀಸಾದ ಎಕ್ಸ್‌ರೇಯಲ್ಲೂ ಕಾಣದೆ, ಮುಂದೆ ಏಳಬಹುದು. ನಮ್ಮ ಸದಸ್ಯರಲ್ಲೂ ಆಗಿದೆ. ಹಾಗೆ ಆದವರನ್ನು ಇಲ್ಲಿ ಕ್ಷಯರೋಗ ತಜ್ಞ ನರ್ಸ್ ಒಬ್ಬರು ಕೇಸ್ ಮ್ಯಾನೇಜರ್ ಆಗಿ ಮೊದಲ ದಿನದಿಂದ ಕೊನೆಯ ಮಾತ್ರೆಯವರೆಗೆ ನೋಡಿಕೊಳ್ಳುತ್ತಾರೆ. ಫೋನ್ ಮಾಡುತ್ತಾರೆ, ಅಗತ್ಯವಿದ್ದರೆ ಮನೆಗೆ ಬರುತ್ತಾರೆ, ಮನೆಯವರ ತಪಾಸಣೆ ಮಾಡಿಸುತ್ತಾರೆ. ಲಂಡನ್ನಿನಲ್ಲಿ ಮನೆಯಿಲ್ಲದವರಿದ್ದಲ್ಲಿಗೆ ಎಕ್ಸ್‌ರೇ ಯಂತ್ರವಿರುವ ವಾಹನವೇ ಹೋಗುತ್ತದೆ. ಚಿಕಿತ್ಸೆಗೆ ಯಾರೂ ಹಣ ಕೊಡಬೇಕಾಗಿಲ್ಲ, ವೀಸಾ ಯಾವುದೇ ಇರಲಿ. ಆ ನರ್ಸ್ ಮಾಡುವುದೂ ತುಮಕೂರಿನ ಆ ಹೆಣ್ಣುಮಗಳು ಮಾಡುವುದೂ ತಿರುಳಿನಲ್ಲಿ ಒಂದೇ ಕೆಲಸ. ನರ್ಸ್‌ಗೆ ಯಾರೂ ಶಾಲು ಹೊದಿಸಿದ್ದನ್ನು ನಾವು ಕಂಡಿಲ್ಲ. ಸಂಬಳ, ರಜೆ, ನಿವೃತ್ತಿವೇತನ ಆಕೆಗಿದೆ. ಅವರಿಗೆ ಸಲ್ಲುವುದು ನಮ್ಮವರಿಗೆ ಏಕೆ ಸಲ್ಲದು ಎಂದು ಕೇಳದೆ, ನಮ್ಮವರದನ್ನು ‘ತ್ಯಾಗ’ ಎಂದು ಕರೆದು ಕಣ್ಣೊರೆಸಿಕೊಳ್ಳುವುದು ಎಂಥ ಅಭಿಮಾನ?

(ಪ್ರಸಂಗವಶಾತ್ ಒಂದು ಮಾತು: ಎರಡು ಮೂರು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ನಿಮ್ಮ ಜಿ.ಪಿ.ಯ ಬಳಿ ಕ್ಷಯ ಎಂಬ ಶಬ್ದವನ್ನು ನೀವೇ ಬಾಯಿಬಿಟ್ಟು ಹೇಳಿ. ಊರಿನಿಂದ ಬಂದ ಅತ್ತೆ ಮಾವನ ಕೆಮ್ಮನ್ನು ‘ಇಲ್ಲಿಯ ಚಳಿ’ ಎಂದು ಬಚ್ಚಿಡಬೇಡಿ.)

ಇನ್ನು ಸಂಘ ಮಾಡಬೇಕಾದದ್ದು. ಪ್ರತಿ ವರ್ಷ ಒಬ್ಬರಲ್ಲ ಒಬ್ಬರು ಮಂತ್ರಿಗಳು ಅಥವಾ ಶಾಸಕರು ಕರ್ನಾಟಕದಿಂದ ನಮ್ಮ ವೇದಿಕೆಗೆ ಬರುತ್ತಾರೆ. ಪೇಟ ತೊಡಿಸುತ್ತೇವೆ, ಹೂಡಿಕೆಯ ಮಾತು ಕೇಳುತ್ತೇವೆ, ಗುಂಪುಚಿತ್ರಕ್ಕೆ ನಿಲ್ಲುತ್ತೇವೆ. ಮುಂದಿನ ಸಲ ಮೊದಲ ಪ್ರಶ್ನೆ ಇದಾಗಲಿ: ಆಶಾ ಕಾರ್ಯಕರ್ತೆಯರಿಗೆ ಕೊಟ್ಟ ಮಾತು ಎಲ್ಲಿಗೆ ಬಂತು? ಅದನ್ನು ಲಿಖಿತವಾಗಿ ಮೊದಲೇ ಕಳುಹಿಸೋಣ, ಉತ್ತರವನ್ನು ಈ ವಾರ್ತಾಪತ್ರದಲ್ಲಿ ಅಚ್ಚುಮಾಡೋಣ. ಉತ್ತರ ಬಾರದಿದ್ದರೆ ಜಾಗವನ್ನು ಖಾಲಿ ಬಿಟ್ಟು ಅಚ್ಚುಮಾಡೋಣ. ವಿದೇಶಿ ಕನ್ನಡಿಗರ ಮಾತಿಗೆ ಬೆಂಗಳೂರಿನಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚಿನ ಕಿಮ್ಮತ್ತಿದೆ ಎಂಬುದು ನಮಗೆಲ್ಲ ಗೊತ್ತು. ಆ ಕಿಮ್ಮತ್ತನ್ನು ಒಮ್ಮೆಯಾದರೂ ನಮ್ಮ ಸ್ವಂತ ನಿವೇಶನದ ಕಡತಕ್ಕಲ್ಲದೆ ಬೇರೆಯದಕ್ಕೆ ಬಳಸೋಣ.

ಹಣದ ವಿಚಾರ. ಇದು ವಿದೇಶಿ ಸಂಘ, ಆದುದರಿಂದ ನಮ್ಮ ದೇಣಿಗೆಯನ್ನು ಭಾರತದ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಾಯಿತ ಸಂಸ್ಥೆಗೆ ಮಾತ್ರ ಕಳುಹಿಸಬಹುದು. ಪರಿಚಯದವರ ಖಾತೆಗೆ ಹಾಕಿ ಶಾಲು ಕೊಳ್ಳಿಸುವ ಈಗಿನ ಯೋಚನೆ ಆ ದೃಷ್ಟಿಯಿಂದಲೂ ಸರಿಯಲ್ಲ. ನೋಂದಾಯಿತ ಸಂಸ್ಥೆಯೊಂದನ್ನು ಹುಡುಕಿ, ರೋಗಿಯ ಇಡೀ ಮನೆಗೆ ಆರು ತಿಂಗಳ ಬೇಳೆ ಅಕ್ಕಿ, ಕಫ ಪರೀಕ್ಷೆಗೆ ಹೋಗಿಬರುವ ಬಸ್ ಖರ್ಚು, ಮತ್ತು ಆ ಬುಟ್ಟಿಯನ್ನು ತಲುಪಿಸುವ ಕಾರ್ಯಕರ್ತೆಗೆ ಪ್ರತಿ ಭೇಟಿಗೂ ಕೂಲಿ, ಈ ಮೂರನ್ನು ಒಟ್ಟಿಗೆ ಕೊಡುವಂತೆ ಕೇಳಬೇಕು. ಮೂರನೆಯದನ್ನು ‘ಆಡಳಿತ ವೆಚ್ಚ’ ಎಂದು ಕತ್ತರಿಸಬಾರದು. ಸರ್ಕಾರ ಕೊಡಬೇಕಾದ ಸಂಬಳಕ್ಕೆ ಇದು ಬದಲಿಯಲ್ಲ ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಬೇಕು.

ಮುಂದಿನ ಭಾನುವಾರದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ನಾವು ಠರಾವು ಮಂಡಿಸಲಿದ್ದೇವೆ. ಯುಗಾದಿ ಕಾರ್ಯಕ್ರಮದಿಂದ ಸನ್ಮಾನದ ಸಾಲನ್ನು ತೆಗೆಯಬೇಕು, ಶಾಲು ಫಲಕಗಳಿಗೆ ಮೀಸಲಿಟ್ಟ ಮೊತ್ತವನ್ನು ಮೇಲೆ ಹೇಳಿದ ಬಾಬತ್ತಿಗೆ ವರ್ಗಾಯಿಸಬೇಕು, ಮುಖ್ಯಮಂತ್ರಿಗಳಿಗೂ ಕೇಂದ್ರ ಆರೋಗ್ಯ ಸಚಿವರಿಗೂ ಸಂಘದ ಪತ್ರ ಹೋಗಬೇಕು. ಪತ್ರದ ಕರಡು ಸಿದ್ಧವಿದೆ. ಸಹಿ ಹಾಕಲು ಒಪ್ಪುವ ಕುಟುಂಬಗಳು ಶುಕ್ರವಾರದೊಳಗೆ ಸಮಿತಿಯ ಕಾರ್ಯದರ್ಶಿಗೆ ತಿಳಿಸಬೇಕೆಂದು ಕೋರುತ್ತೇವೆ. ಒಪ್ಪದವರು ಸಭೆಗೆ ಬಂದು ವಾದಿಸಬೇಕೆಂದೂ ಅಷ್ಟೇ ಆದರದಿಂದ ಕೋರುತ್ತೇವೆ.